ಬೋಲ್ಟ್ ಬಿಟ್ಟು ಮಾರಿದ ಚಕ್ರಗಳು

ಹಳೆಯ ಕಾರುಗಳ ಬಿಡಿಭಾಗ ಮಾರುವ ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಚಕ್ರದಕ್ಕ ಅನ್ನುತ್ತಾರೆ. ಅವಳು ಅಕ್ಕನಾದ ಮೇಲೆ ಅವಳ ಗಂಡ ಯಾರೂ ಕೇಳದೆಯೇ ಇಡೀ ಬೀದಿಗೆ ಭಾವನಾದ. ಬೆಲೆ ಕಟ್ಟುವುದು ಅಕ್ಕನ ಕೆಲಸ, ಬಿಚ್ಚಿ ಬಿಗಿಯುವುದು ಭಾವನ ಕೆಲಸ. ಅಂಗಡಿ ಅಂದರೆ ತಗಡು ಹೊದಿಸಿದ ಒಂದು ಉದ್ದನೆಯ ಕೋಣೆ. ಮೂರು ಗೋಡೆಗಳಿಗೂ ದಪ್ಪ ಮೊಳೆ ಹೊಡೆದು ಚಕ್ರಗಳನ್ನು ತೂಗುಹಾಕಿದ್ದಾರೆ. ಟೈರಿಲ್ಲದ ಬರೀ ರಿಮ್ಮನ್ನೇ ಅಲ್ಲಿ ಚಕ್ರ ಅನ್ನುವುದು. ನಾಲ್ಕನೆಯ ಗೋಡೆ ಇಲ್ಲ, ಅದು ಬೀದಿ.

ಚಕ್ರ ಬಂದರೆ ಅಕ್ಕ ಮೊದಲು ಅದರ ಮುಖ ನೋಡುವುದಿಲ್ಲ. ಮಗುಚಿ ಹಾಕಿ ಬೆನ್ನು ನೋಡುತ್ತಾಳೆ. ಹೊಳೆಯುವ ಮುಖಕ್ಕೆ ಯಾರು ಬೇಕಾದರೂ ಬಣ್ಣ ಬಳಿಯಬಹುದು, ಒಳಗಿನ ಅಂಚಿಗೆ ಬಳಿಯುವಷ್ಟು ತಾಳ್ಮೆ ಕಳ್ಳನಿಗೂ ಇರುವುದಿಲ್ಲ ಎಂಬುದು ಅವಳ ಲೆಕ್ಕ. ಕಣ್ಣು ಮುಚ್ಚಿ ಅಂಚಿನ ಸುತ್ತ ಬೆರಳಾಡಿಸುತ್ತಾಳೆ. ಗುಂಡಿಗೆ ಬಿದ್ದು ಬಗ್ಗಿದ್ದರೆ ಬೆರಳಿಗೆ ತಿಳಿಯುತ್ತದೆ. ಬೆಸುಗೆ ಹಾಕಿ ಉಜ್ಜಿದ್ದರೆ ಅದೂ ತಿಳಿಯುತ್ತದೆ. ಆಮೇಲೆ ಸ್ಟ್ಯಾಂಡಿಗೆ ಹಾಕಿ ತಿರುಗಿಸಿ, ಪಕ್ಕದಲ್ಲಿ ಒಂದು ಕಡ್ಡಿ ಹಿಡಿದು, ಚಕ್ರ ಕಡ್ಡಿಯಿಂದ ದೂರ ಹೋಗುತ್ತದೋ ಹತ್ತಿರ ಬರುತ್ತದೋ ನೋಡುತ್ತಾಳೆ. ಸ್ಪೋರ್ಟ್ಸ್ ಕಾರಿನ ಚಕ್ರಗಳಾದರೆ ಇನ್ನೂ ನಿಧಾನ. ಅವುಗಳಲ್ಲಿ ಹಿಂದಿನವು ಮುಂದಿನವಕ್ಕಿಂತ ಅಗಲ. ನಾಲ್ಕೂ ಜೊತೆಗಿದ್ದರೆ ಕೈ ತುಂಬ ಬೆಲೆ, ಒಂದು ಹಾಳಾದರೆ ಉಳಿದ ಮೂರಕ್ಕೆ ಗಿರಾಕಿ ಹುಡುಕಬೇಕು.

ಗಂಡಹೆಂಡಿರ ನಡುವೆ ಒಂದು ಕಟ್ಟುಪಾಡಿತ್ತು. ಅಂಗಡಿ ಹಾಕಿದ ಹೊಸದರಲ್ಲಿ ಒಬ್ಬ ಗಿರಾಕಿ ಒಪ್ಪಿ, ಪರ್ಸು ಹೊರಗೆ ತೆಗೆದಿದ್ದ. ಅಷ್ಟರಲ್ಲಿ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಭಾವ, "ಅದು ಒಂಚೂರು ಸೊಟ್ಟ ಇತ್ತಲ್ವಾ?" ಅಂದುಬಿಟ್ಟ. ಸೊಟ್ಟಕ್ಕೆ ತಕ್ಕ ಹಾಗೆ ಅಕ್ಕ ಮೊದಲೇ ಬೆಲೆ ಇಳಿಸಿದ್ದಳು. ಅದನ್ನು ಗಿರಾಕಿಗೂ ಹೇಳಿದ್ದಳು. ಆದರೂ ಪರ್ಸು ಜೇಬಿಗೆ ವಾಪಸಾಯಿತು. ಅವನು ಹೋದ ಮೇಲೆ ಅಕ್ಕ ಜಗಳವಾಡಲಿಲ್ಲ. "ಇನ್ಮೇಲೆ ನಾನು ಬೆಲೆ ಮಾತಾಡುವಾಗ ನಿಮ್ಮ ಬಾಯಿಗೆ ಬೀಗ" ಅಂದಳು ಅಷ್ಟೇ. ಭಾವ ಒಪ್ಪಿದ, ಮತ್ತು ಒಪ್ಪಿದ್ದನ್ನು ವರ್ಷಗಟ್ಟಲೆ ಮುರಿಯಲಿಲ್ಲ. ಚೌಕಾಸಿ ಶುರುವಾದರೆ ಅವನು ಕಲ್ಲಿನ ಹಾಗೆ. ಬೀದಿಯವರು ಚೇಷ್ಟೆ ಮಾಡುತ್ತಿದ್ದರು: "ಭಾವಂಗೆ ಬೆಂಕಿ ಬಿದ್ರೂ ಅಕ್ಕನ ರೇಟು ಮುಗಿಯೋವರೆಗೂ ಕೂಗಲ್ಲ."

ಆ ದಿನ ಬೆಳಿಗ್ಗೆ ಬೇಕರಿಯವನು ಬಂದ. ಪಕ್ಕದ ಬಡಾವಣೆಯಲ್ಲಿ ಬೇಕರಿ ಇಟ್ಟುಕೊಂಡ, ದುಂಡುಮುಖದ, ಸದಾ ನಗುವ ಮನುಷ್ಯ. ಅವನ ಒಂದೇ ಚಟ ಅಂದರೆ ಆ ಕಾರು: ಎರಡು ಬಾಗಿಲಿನ, ನೆಲಕ್ಕೆ ಅಂಟಿಕೊಂಡಂತಿರುವ, ಅವನ ಮದುವೆಗಿಂತ ಹಳೆಯದಾದ ಕೆಂಪು ಸ್ಪೋರ್ಟ್ಸ್ ಕಾರು. ಗುಂಡಿಯೊಂದಕ್ಕೆ ಬಿದ್ದು ಮುಂದಿನ ಒಂದು ಚಕ್ರ ಸೀಳಿತ್ತು. ಜೊತೆಯಲ್ಲಿ ಅವನ ಅತ್ತೆ ಇದ್ದರು, ಹೆಂಡತಿಯ ತಾಯಿ. ಅವರನ್ನು ಗುಡ್ಡದಾಚೆಯ ಊರಿನಲ್ಲಿರುವ ಹಿರಿಯ ಮಗಳ ಮನೆಗೆ ಅವತ್ತೇ ಬಿಟ್ಟುಬರಬೇಕಿತ್ತು.

ಬೇಕರಿಯವನ ಕಣ್ಣು ಗೋಡೆಯ ಮೇಲಿನ ಹದಿನೆಂಟು ಇಂಚಿನ ನಾಲ್ಕು ಬೂದು ಚಕ್ರಗಳ ಮೇಲೆ ಬಿತ್ತು.

"ನಿಮ್ಮದು ಹದಿನೇಳು ಇಂಚು" ಅಂದಳು ಅಕ್ಕ.

"ದೊಡ್ಡದು ಹಾಕಿದ್ರೆ ಗಾಡಿ ಎತ್ತರ ಆಗುತ್ತಾ?"

"ಆಗಬಾರದು. ಚಕ್ರ ಎಷ್ಟು ದೊಡ್ಡದಾಯ್ತೋ ರಬ್ಬರು ಅಷ್ಟು ತೆಳ್ಳಗಾಗಬೇಕು. ಒಟ್ಟು ಎತ್ತರ ಹೆಚ್ಚುಕಮ್ಮಿ ಮೊದಲಿನಷ್ಟೇ ಇರಬೇಕು. ಇಲ್ಲದಿದ್ರೆ ಮೀಟರು ಒಂದು ಸ್ಪೀಡ್ ತೋರ್ಸುತ್ತೆ, ಗಾಡಿ ಇನ್ನೊಂದು ಸ್ಪೀಡಲ್ಲಿ ಓಡುತ್ತೆ."

ಅವನ ಕಾರಿನ ಮುಂದಿನ ಟೈರಿನ ಮೇಲೆ 225/45 ಎಂದಿತ್ತು. ಅಕ್ಕ ಅವನನ್ನು ಬಗ್ಗಿಸಿ ಅದನ್ನು ಓದಿಸಿದಳು. ಮೊದಲನೆಯದು ಟೈರಿನ ಅಗಲ, ಎರಡನೆಯದು ಆ ಅಗಲಕ್ಕೆ ರಬ್ಬರು ನೂರಕ್ಕೆ ಎಷ್ಟು ಪಾಲು ಎತ್ತರ ಎಂಬುದು. ಹದಿನೆಂಟಕ್ಕೆ ಹೋದರೆ ಮುಂದೆ 225/40, ಹಿಂದಿನ ಅಗಲದ ಚಕ್ರಕ್ಕೆ 255/35. "ಇದಕ್ಕಿಂತ ಅಗಲ ಹಾಕಿದ್ರೆ ಚೆನ್ನಾಗಿ ಕಾಣುತ್ತೆ, ಆದ್ರೆ ತಿರುವಲ್ಲಿ ಒಳಗಡೆ ಉಜ್ಜುತ್ತೆ" ಅಂದಳು. ಆ ಚಕ್ರಗಳು ಅದೇ ಕಂಪನಿಯ ಇನ್ನೊಂದು ಕಾರಿನಿಂದ ಬಿಚ್ಚಿದವು, ಆದರೆ ಕಂಪನಿಯೇ ಮಾಡಿದವಲ್ಲ. ಹೊರಗೆ ಮಾಡಿಸಿ ಹಾಕಿದ್ದವು. ಸರಿಯಾದ ಅಳತೆಯ, ಅರ್ಧ ಸವೆದ ಟೈರುಗಳೂ ಅವುಗಳ ಮೇಲೇ ಇದ್ದವು. ಎಲ್ಲ ಕೂಡಿಬಂದಿತ್ತು.

ಅಕ್ಕ ಬೆಲೆ ಹೇಳಿದಳು. ಬೇಕರಿಯವನು ತಲೆಯಾಡಿಸುವಷ್ಟರಲ್ಲಿ ಅತ್ತೆ ಮುಂದೆ ಬಂದು ಕೈಚೀಲವನ್ನು ಮೇಜಿನ ಮೇಲೆ ಇಟ್ಟರು.

"ಹೊಸಾ ಗಾಡಿ ರೇಟು ಹೇಳ್ತಿದೀಯಲ್ಲಮ್ಮ. ಅದೇನದು, ಆ ಗಂಟು?"

ಚಕ್ರದ ನಡುವಿನ ತೂತಿಗೆ ಒಂದು ಬಟ್ಟೆಯ ಚೀಲ ಕಟ್ಟಿತ್ತು. "ಬೋಲ್ಟು ಅಮ್ಮ. ಈ ಚಕ್ರದ್ದೇ."

"ಯಾಕೆ, ಗಾಡೀಲಿ ಬೋಲ್ಟಿಲ್ವಾ? ಇಷ್ಟು ವರ್ಷ ನಮ್ಮಳಿಯ ಚಕ್ರಾನ ಗೋಂದಲ್ಲಿ ಅಂಟಿಸ್ಕೊಂಡು ಓಡಿಸ್ತಿದ್ನಾ?"

ಬೇಕರಿಯವನು ನಕ್ಕ. ಅಕ್ಕನೂ ನಕ್ಕಳು.

"ಇದೆ ಬಿಡಿ."

"ಹಾಗಾದ್ರೆ ಆ ಗಂಟು ನೀನೇ ಇಟ್ಕೊ. ರೇಟು ಇಳಿಸು."

ಅಕ್ಕನಿಗೆ ಅದು ಒಳ್ಳೆಯ ದಾರಿಯಾಗಿಯೇ ಕಂಡಿತು. ಚಕ್ರದ ಬೆಲೆ ಬಿಟ್ಟುಕೊಡದೆ ಮುದುಕಿಯ ಮಾತನ್ನೂ ಉಳಿಸಬಹುದು. ಅವಳು ಚೀಲ ಬಿಚ್ಚಿ ಮೊಳೆಗೆ ಹಾಕಿದಳು. "ಆಯ್ತು, ನಿಮ್ಮ ಬೋಲ್ಟೇ ಸಾಕು. ಎಲ್ಲಾ ಒಂದೇ."

ಭಾವ ಜಾಕ್ ಹಾಕಿ ಕಾರು ಎತ್ತಿದ. ಅವನು ಚಕ್ರ ಬಿಗಿಯುತ್ತಿದ್ದಷ್ಟು ಹೊತ್ತೂ ಅಕ್ಕ ಮತ್ತು ಅತ್ತೆ ಬಿಟ್ಟುಹೋಗುವ ಹಳೆಯ ಚಕ್ರಗಳ ಬೆಲೆಗೆ ಎಳೆದಾಡುತ್ತಿದ್ದರು. ಕೊನೆಗೆ ಅತ್ತೆ, "ಪರ್ವಾಗಿಲ್ಲ, ನೀನೂ ಗಟ್ಟಿಗಿತ್ತಿ" ಎಂದು ಹೊಗಳಿಯೇ ಕಾರು ಹತ್ತಿದರು. ಅಕ್ಕನಿಗೆ ಖುಷಿಯಾಗಿತ್ತು.

ಮಧ್ಯಾಹ್ನ ಬಿಡುವಾದಾಗ ಅವಳು ಆ ಹಳೆಯ ಚಕ್ರಗಳನ್ನು ಮಗುಚಿ ಹಾಕಿಕೊಂಡು ಬೆಲೆ ಕಟ್ಟಲು ಕೂತಳು. ಅಂಚಿನ ಸುತ್ತ ಬೆರಳಾಡಿಸಿದ ಮೇಲೆ ಚಕ್ರದ ಮುಖ ಮೇಲಕ್ಕೆ ಮಾಡಿ ಬೋಲ್ಟಿನ ತೂತಿಗೆ ಬೆರಳು ಹಾಕಿದಳು. ಬೆರಳು ಅಲ್ಲೇ ನಿಂತಿತು.

ತೂತಿನ ಬಾಯಿ ಬಟ್ಟಲಿನ ಒಳಗಿನ ಹಾಗೆ ಗುಂಡಗಿತ್ತು.

ಬೋಲ್ಟಿನ ತಲೆಯ ಕೆಳಗೆ, ಚಕ್ರವನ್ನು ಒತ್ತಿ ಹಿಡಿಯುವ ಜಾಗ ಎರಡು ಥರ ಇರುತ್ತದೆ. ಕೆಲವು ಗೋಲಿಯ ಹಾಗೆ ಗುಂಡಗೆ, ಕೆಲವು ಆಲಿಕೆಯ ಹಾಗೆ ಓರೆ. ಗುಂಡನೆಯದು ಗುಂಡನೆಯ ತೂತಿನಲ್ಲಿ ಕೂರಬೇಕು, ಓರೆಯದು ಓರೆ ತೂತಿನಲ್ಲಿ. ಮಾರಿದ ಬೂದು ಚಕ್ರಗಳ ತೂತು ಓರೆ. ಅದಕ್ಕೆ ಕೂರುವ ಬೋಲ್ಟುಗಳು ಈಗ ಅವಳ ತಲೆಯ ಮೇಲಿನ ಮೊಳೆಯಲ್ಲಿ ಚೀಲದಲ್ಲಿದ್ದವು. ಅವಳ ಅಂಗಡಿಗೆ ಬರುವ ಚಕ್ರಗಳಲ್ಲಿ ಹೆಚ್ಚಿನವು ಓರೆಯವೇ. ಆದರೆ ಈ ಕಂಪನಿಯ ಕಾರಿನಲ್ಲಿ ಬರುವ ಬೋಲ್ಟು ಗುಂಡಗಿರುತ್ತದೆ ಎಂಬುದು ಅವಳಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಚೌಕಾಸಿಯ ಬಿಸಿಯಲ್ಲಿ ಅದು ತಲೆಗೆ ಬಂದೇ ಇರಲಿಲ್ಲ.

ಗುಂಡನೆಯ ಬೋಲ್ಟನ್ನು ಓರೆ ತೂತಿಗೆ ಬಿಗಿದರೆ ಸ್ಪಾನರಿಗೆ ಏನೂ ತಿಳಿಯುವುದಿಲ್ಲ. ಬಿಗಿಯಾಗಿಯೇ ಇರುತ್ತದೆ. ಆದರೆ ಒಳಗೆ ಅದು ತಾಗಿರುವುದು ದಾರದಷ್ಟು ತೆಳುವಾದ ಒಂದು ಗೆರೆಗೆ ಮಾತ್ರ. ಕಾರು ಓಡಿದಂತೆ ಆ ಗೆರೆ ಸವೆಯುತ್ತದೆ, ಬೋಲ್ಟು ಸಡಿಲಾಗುತ್ತದೆ. ಹಿಂದೊಮ್ಮೆ ಆ ಬೀದಿಯಲ್ಲೇ ಒಂದು ಒಂಟಿ ಚಕ್ರ ಎಲ್ಲಿಂದಲೋ ಉರುಳಿಕೊಂಡು ಬಂದು ಹಾಸಿಗೆ ಅಂಗಡಿಯೊಳಗೆ ನುಗ್ಗಿತ್ತು. ಜನ ಬಿದ್ದು ಬಿದ್ದು ನಕ್ಕಿದ್ದರು. ಆ ಚಕ್ರ ಯಾವ ಕಾರಿನದು, ಆ ಕಾರಿನಲ್ಲಿದ್ದವರಿಗೆ ಏನಾಯಿತು ಎಂಬ ಸುದ್ದಿ ಬಂದ ಮೇಲೆ ಯಾರೂ ನಗಲಿಲ್ಲ.

"ರೀ" ಅಂದಳು ಅಕ್ಕ. ಮತ್ತೆ ಕರೆದಳು. "ರೀ, ಬೇಕರಿಯವನ ಗಾಡಿಗೆ ಯಾವ ಬೋಲ್ಟ್ ಹಾಕಿದ್ರಿ?"

"ಅವನದ್ದೇ. ನೀನೇ ಅಂದ್ಯಲ್ಲ."

"ತಲೆ ಕೆಳಗೆ ನೋಡಿದ್ರಾ?"

ಭಾವ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟ. "ಗುಂಡಗಿತ್ತು."

"ಕಂಡೂ ಹಾಕಿದ್ರಾ?"

"ಕೇಳೋಣ ಅಂದ್ಕೊಂಡೆ. ನೀನು ಬೆಲೆ ಮಾತಾಡ್ತಾ ಇದ್ದೆ."

ಅಕ್ಕ ಅವನ ಮುಖ ನೋಡಿದಳು. ಅದರಲ್ಲಿ ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿರುತ್ತಿತ್ತು.

"ಆಮೇಲಾದ್ರೂ ಹೇಳಬಹುದಿತ್ತು."

"ನೀನು ನೋಡಿಯೇ ಹೇಳಿರ್ತೀಯ ಅಂದ್ಕೊಂಡೆ ಕಣೇ. ನೋಡದೆ ನೀನು ಬೆಲೆ ಹೇಳಿದ್ದುಂಟಾ?"

ಅವಳು ಬೇಕರಿಯವನಿಗೆ ಫೋನ್ ಮಾಡಿದಳು. ರಿಂಗಾಯಿತು. ರಿಂಗಾಗುತ್ತಲೇ ಇತ್ತು. ಕೊನೆಗೆ ಎತ್ತಿದ್ದು ಅತ್ತೆ.

"ಯಾರು?"

"ಅಮ್ಮ, ನಾನು ಚಕ್ರದ ಅಂಗಡಿಯವಳು. ಗಾಡಿ ಎಲ್ಲಿದೆ?"

"ರಸ್ತೆ ಮೇಲಿದೆ. ಇನ್ನೆಲ್ಲಿರುತ್ತೆ?"

"ಗುಡ್ಡ ಹತ್ತಿದ್ರಾ? ನಿಲ್ಲಿಸೋಕೆ ಹೇಳಿ ಅಮ್ಮ. ಜೋರಾಗಿ ಬ್ರೇಕ್ ಒತ್ತಬೇಡಿ ಅನ್ನಿ, ಮೆತ್ತಗೆ ಪಕ್ಕಕ್ಕೆ ನಿಲ್ಲಿಸಲಿ. ಆ ಬೋಲ್ಟು ಆ ಚಕ್ರಕ್ಕೆ ಆಗಲ್ಲ. ಚೀಲದಲ್ಲಿರೋದೇ ಹಾಕಬೇಕು."

"ಓಹೋ. ಗಂಟು ಈಗ ನೆನಪಾಯ್ತಾ? ಎಲ್ಲಾ ಒಂದೇ ಅಂದೋಳು ಯಾರು?"

"ನಾನೇ. ತಪ್ಪಾಯ್ತು ಅಮ್ಮ."

"ಎಷ್ಟಂತೆ ಅದಕ್ಕೆ?"

"ದುಡ್ಡು ಬೇಡ. ನಾವೇ ತಂದು ಹಾಕ್ತೀವಿ. ಸುಮ್ನೆ ನಿಲ್ಸಿ."

"ಬೇಡ ಅನ್ನೋ ಅಂಗಡಿಯವಳನ್ನ ಈ ವಯಸ್ಸಿಗೆ ಮೊದಲ ಸಲ ನೋಡ್ತಿದೀನಿ." ಹಿಂದಿನಿಂದ ಬೇಕರಿಯವನ ದನಿ ಕೇಳಿಸಿತು: "ಯಾರತ್ತೆ?" "ನಿನ್ನ ಚಕ್ರದಕ್ಕ ಕಣಪ್ಪ. ಬಿಟ್ಟು ಬಂದ ಗಂಟು ಮಾರೋಕೆ ನೋಡ್ತಿದಾಳೆ." ಅವನ ನಗು ಫೋನಿನ ತುಂಬ ತುಂಬಿಕೊಂಡಿತು. "ಅಕ್ಕಾ, ಗಾಡಿ ಬೆಣ್ಣೆ ಥರ ಹೋಗ್ತಾ ಇದೆ! ಏನೂ ತಲೆ ಕೆಡಿಸ್ಕೋಬೇಡಿ!"

ಲೈನು ಕಟ್ಟಾಯಿತು. ಮತ್ತೆ ಮಾಡಿದರೆ ಫೋನು ಸಿಗಲಿಲ್ಲ. ಗುಡ್ಡದೊಳಗೆ ಹೋದರೆ ಯಾರ ಫೋನೂ ಸಿಗುವುದಿಲ್ಲ.

ಅಂಗಡಿಗೆ ಬಾಗಿಲು ಹಾಕುವ ಪ್ರಶ್ನೆಯೇ ಇರಲಿಲ್ಲ. ಎದುರು ಅಂಗಡಿಯವನಿಗೆ "ನೋಡ್ಕೊಳ್ಳಪ್ಪ" ಎಂದು ಕೂಗಿ ಇಬ್ಬರೂ ಸಾಮಾನಿನ ಸಣ್ಣ ಟ್ರಕ್ಕು ಹತ್ತಿದರು. ಭಾವ ಓಡಿಸಿದ. ಅಕ್ಕ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದಿದ್ದಳು. ಸಿಮೆಂಟಿನ ಗೋದಾಮು, ಇಟ್ಟಿಗೆ ಭಟ್ಟಿ, ಮರದ ಮಿಲ್ಲು ಹಿಂದೆ ಸರಿದು ರಸ್ತೆ ಏರತೊಡಗಿತು.

"ಇನ್ನೂ ಜೋರಾಗಿ ಹೋಗ್ರೀ."

"ಇದು ಅವನ ಕಾರಲ್ಲ ಕಣೇ, ಟ್ರಕ್ಕು. ಪ್ರಾಣ ಬಿಟ್ಕೊಂಡು ಹತ್ತುತ್ತಿದೆ."

ಹತ್ತುವಾಗ ಭಯ ಕಡಿಮೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಹತ್ತುವಾಗ ವೇಗವಿರುವುದಿಲ್ಲ, ಬ್ರೇಕು ಬೇಕಾಗುವುದಿಲ್ಲ. ಇಳಿಯುವಾಗ ಪ್ರತಿ ತಿರುವಿಗೂ ಬ್ರೇಕು, ಪ್ರತಿ ಬ್ರೇಕಿಗೂ ಬೋಲ್ಟಿನ ಮೇಲೆ ಕಾರಿನ ಭಾರ. ತುದಿ ದಾಟುವ ಮೊದಲು ಸಿಕ್ಕರೆ ಸಾಕು. ಹಾಗಂದುಕೊಂಡ ಕೂಡಲೇ ಅವರು ಎಷ್ಟು ಹೊತ್ತಿನ ಮುಂಚೆ ಹೊರಟಿದ್ದರು ಎಂಬುದು ನೆನಪಾಯಿತು. ಅವರು ತುದಿ ದಾಟಿರಲೇಬೇಕು.

ರಸ್ತೆಯ ಪಕ್ಕದಲ್ಲಿ ಕಪ್ಪಗೆ ಏನೋ ಬಿದ್ದಿತ್ತು. ಅವಳು ಭಾವನ ತೋಳು ಹಿಡಿದಳು. ಲಾರಿಯ ಟೈರಿನ ಹರಿದ ಚೂರು. ಮುಂದಿನ ತಿರುವಿನಲ್ಲಿ ಬಿಸಿಲಿಗೆ ಲೋಹದ್ದೇನೋ ಮಿನುಗಿತು. "ನಿಲ್ಸಿ, ಬೋಲ್ಟು" ಎಂದು ಕಿರುಚಿದಳು. ಇಳಿದು ನೋಡಿದರೆ ಬಾಟಲಿಯ ಮುಚ್ಚಳ. ಅದನ್ನು ಕೈಯಲ್ಲಿ ಹಿಡಿದುಕೊಂಡೇ ವಾಪಸ್ ಬಂದು ಕೂತಳು, ಎಸೆಯಲು ತೋಚಲಿಲ್ಲ.

ಇನ್ನೂ ಮೇಲೆ, ಎಡಕ್ಕೆ ತಿರುಗುವಲ್ಲಿ, ಜನ ಗುಂಪುಗೂಡಿದ್ದರು. ನಾಲ್ಕೈದು ಮಂದಿ ಕಣಿವೆಯ ಕಡೆಗೆ ಬಗ್ಗಿ ನೋಡುತ್ತಿದ್ದರು. ಭಾವ ಟ್ರಕ್ಕು ನಿಧಾನ ಮಾಡಿದ. ಏನಾಯಿತು ಎಂದು ಕೇಳಬೇಕಿತ್ತು, ಇಬ್ಬರೂ ಕೇಳಲಿಲ್ಲ. ಅಕ್ಕ ಕಣ್ಣು ಮುಚ್ಚಿದಳು. ಕಿಟಕಿಯ ಹತ್ತಿರ ಯಾರೋ ಬಂದು, "ಈರುಳ್ಳಿ ಮೂಟೆ ಬಿದ್ದೋಯ್ತು, ಹಗ್ಗ ಇದ್ರೆ ಕೊಡ್ತೀರಾ?" ಅಂದರು. ಭಾವ ಹಗ್ಗ ಎಸೆದು ಗೇರು ಬದಲಿಸಿದ.

ಗುಡ್ಡದ ತುದಿಯಲ್ಲಿ ಸ್ವಲ್ಪ ಸಮತಟ್ಟು ಜಾಗ, ಒಂದು ಟೀ ಅಂಗಡಿ. ಅದರ ಮುಂದೆ ಕೆಂಪು ಕಾರು ನಿಂತಿತ್ತು. ನಾಲ್ಕು ಚಕ್ರಗಳ ಮೇಲೆ.

ಬೇಕರಿಯವನು ಕಾರಿಗೆ ಒರಗಿ, ಮುಖ ಗಂಟುಹಾಕಿಕೊಂಡಿದ್ದ. ಅತ್ತೆ ದೂರದ ಕಲ್ಲೊಂದರ ಮೇಲೆ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಬನ್ನಿ ಅಕ್ಕ" ಅಂದ ಬೇಕರಿಯವನು. "ವಾಂತಿ ಬರುತ್ತೆ ಅಂದ್ರು, ಸೀಟು ಹಾಳಾಗುತ್ತಲ್ಲ ಅಂತ ನಿಲ್ಲಿಸಿದೆ. ಇಳಿದೋರು ಮತ್ತೆ ಹತ್ತಲ್ಲ ಅಂತ ಕೂತುಬಿಟ್ಟಿದಾರೆ. ವಾಂತಿಯೂ ಇಲ್ಲ ಏನೂ ಇಲ್ಲ."

"ಬೆಳಿಗ್ಗೆ ಅಷ್ಟು ಹೊತ್ತು ಇವಳ ಹತ್ರ ಚೌಕಾಸಿ ಮಾಡಿದೀನಿ" ಅಂದರು ಅತ್ತೆ, ಅಕ್ಕನ ಕಡೆ ನೋಡದೆ. "ಬೆಲೆ ಏರಿಸುವಾಗ ಇವಳ ದನಿ ಹೇಗಿರುತ್ತೆ ಅಂತ ನಂಗೆ ಗೊತ್ತು. ಫೋನಲ್ಲಿದ್ದಿದ್ದು ಆ ದನಿ ಅಲ್ಲ. ಫೋನಿಟ್ಟ ಮೇಲೆ ಅದೇ ಕಿವೀಲಿ ಕೊರೀತಾ ಇತ್ತು."

ಅಕ್ಕ ಕಾರಿನ ಪಕ್ಕ ಮಂಡಿಯೂರಿದಳು. ಎಡಗಡೆಯ ಹಿಂದಿನ ಚಕ್ರ. ಮೊದಲನೆಯ ಬೋಲ್ಟಿನ ಮೇಲೆ ಬೆರಳಿಟ್ಟು ತಿರುಗಿಸಿದಳು. ಅಲ್ಲಾಡಲಿಲ್ಲ. ಎರಡನೆಯದು ತಿರುಗಿತು. ಸ್ಪಾನರಿಲ್ಲದೆ, ಬರೀ ಬೆರಳಿಗೆ, ಡಬ್ಬಿಯ ಮುಚ್ಚಳದ ಹಾಗೆ. ಪಕ್ಕದ್ದೂ ತಿರುಗಿತು.

ಬೇಕರಿಯವನು ನೋಡುತ್ತಲೇ ಇದ್ದ. ಅವನ ದುಂಡುಮುಖದ ಬಣ್ಣ ಇಳಿಯಿತು. "ಕಡೆಯ ತಿರುವುಗಳಲ್ಲಿ ಗಾಡಿ ಸ್ವಲ್ಪ ನಡುಗ್ತಿತ್ತು. ರಸ್ತೆ ಸರಿ ಇಲ್ಲ ಅಂದ್ಕೊಂಡೆ."

ಅವನು ನಿಂತಿದ್ದಲ್ಲಿಂದ ಮುಂದಿನ ರಸ್ತೆ ಕಾಣುತ್ತಿತ್ತು. ಒಂದರ ಕೆಳಗೊಂದು ಮಡಚಿಕೊಂಡು ಇಳಿಯುವ ತಿರುವುಗಳು, ಹೊರಗಡೆಗೆ ಮೊಣಕಾಲೆತ್ತರದ ಬಿಳಿ ಕಲ್ಲುಗಳು. ಯಾರೂ ಆ ಕಡೆ ಕೈ ತೋರಿಸಲಿಲ್ಲ.

ಭಾವ ಒಂದೊಂದೇ ಚಕ್ರ ಬಿಚ್ಚಿ, ತೂತುಗಳಿಗೆ ಟಾರ್ಚು ಬಿಟ್ಟು ನೋಡಿ, ಚೀಲದ ಬೋಲ್ಟುಗಳನ್ನು ಬಿಗಿದ. ಮೂರು ಚಕ್ರ ಸರಿಯಾಗಿದ್ದವು. ನಾಲ್ಕನೆಯದರ ಎರಡು ತೂತುಗಳನ್ನು ಬೋಲ್ಟು ತಿಂದುಹಾಕಿತ್ತು.

"ಇದರ ಮೇಲೆ ಇಳಿಯೋಕೆ ನಾನು ಬಿಡಲ್ಲ" ಅಂದ. "ಅಂಗಡೀಲಿ ಇದೇ ಅಗಲದ್ದು ಇನ್ನೊಂದಿದೆ. ತರ್ತೀನಿ. ಅಲ್ಲೀವರೆಗೆ ಗಾಡಿ ಇಲ್ಲೇ ಇರಲಿ."

ಬೇಕರಿಯವನು ಕಾರಿನ ಹತ್ತಿರವೇ ಉಳಿದ. ಅತ್ತೆಯನ್ನು ಗುಡ್ಡದಾಚೆ ಬಿಟ್ಟು ಬರುವುದೆಂದಾಯಿತು. ಟ್ರಕ್ಕಿನ ಮುಂದಿನ ಸೀಟಿನಲ್ಲಿ ಮೂವರೂ ಒತ್ತಿಕೊಂಡು ಕೂತರು, ಅಕ್ಕ ನಡುವೆ. ಇಳಿಜಾರು ಶುರುವಾಯಿತು. ಭಾವ ಪ್ರತಿ ತಿರುವಿಗೂ ನಡೆಯುವಷ್ಟು ನಿಧಾನಕ್ಕೆ ಇಳಿಸಿದ. ಅಕ್ಕನ ಉಸಿರು ಮೊದಲ ಬಾರಿಗೆ ಸ್ವಲ್ಪ ಹಗುರಾಯಿತು.

ಅರ್ಧ ಇಳಿದಿದ್ದಾಗ ಅತ್ತೆ ಕೇಳಿದರು. ದನಿಯಲ್ಲಿ ಕೊಂಕಿರಲಿಲ್ಲ.

"ಎಲ್ಲಾ ಒಂದೇ ಅಂತ ಬೇರೆ ಯಾರಿಗಾದ್ರೂ ಹೇಳಿ ಕಳಿಸಿದೀಯೇನಮ್ಮ?"

"ಛೇ ಇಲ್ಲ" ಅಂದ ಭಾವ. "ಇವಳು ಯಾವಾಗ್ಲೂ ಚೀಲ ಕಟ್ಟೇ ಕಳಿಸೋದು."

ಅಕ್ಕ ಮೆಲ್ಲಗೆ, "ಯಾವಾಗ್ಲೂ ಅಲ್ಲ" ಅಂದಳು.

ಅವಳ ಕಣ್ಣ ಮುಂದೆ ಒಬ್ಬೊಬ್ಬರೇ ಬಂದು ನಿಂತರು. ಬಿಳಿ ಕಾರಿನ ಫೋಟೋಗ್ರಾಫರ್, ಬೋಲ್ಟು ಬೇಡ ಎಂದು ತಾನಾಗಿಯೇ ಹೇಳಿದವನು. ಹಿಂದಿನ ಎರಡು ಚಕ್ರ ಮಾತ್ರ ಒಯ್ದ ಈಜು ಕಲಿಸುವ ಮಾಸ್ತರು. ತಂಗಿಯನ್ನು ಕೂರಿಸಿಕೊಂಡು ಬಂದಿದ್ದ, ಚೌಕಾಸಿಯೇ ಮಾಡಲು ಬಾರದ ಹೆಣ್ಣುಮಗಳು. ಪಾಪ ಅನ್ನಿಸಿ ಅಕ್ಕ ಅವಳಿಗೆ ಬೋಲ್ಟು ಬಿಟ್ಟು ಬೆಲೆ ಇಳಿಸಿದ್ದಳು. ಅವರ ಕಾರುಗಳ ಬೋಲ್ಟು ಯಾವ ಥರದ್ದು? ಅವಳು ನೆನಪಿಸಿಕೊಳ್ಳಲು ನೋಡಿದಳು. ಚಕ್ರಗಳ ಬೆನ್ನು, ಅಂಚು, ಸೊಟ್ಟ, ಹೇಳಿದ ಬೆಲೆ, ಇಳಿಸಿದ ಬೆಲೆ ಎಲ್ಲ ನೆನಪಿತ್ತು. ಅದೊಂದು ನೆನಪಿರಲಿಲ್ಲ, ಏಕೆಂದರೆ ಅದನ್ನು ಅವಳು ನೋಡಿಯೇ ಇರಲಿಲ್ಲ.

"ನೀವು ನೋಡಿದ್ರಾ ರೀ? ಆ ಹುಡುಗಿ ಗಾಡೀದು?"

ಭಾವ ಗೇರು ಇಳಿಸಿದ. "ಗೊತ್ತಾಗ್ತಿಲ್ಲ ಕಣೇ."

ಕೊನೆಯ ತಿರುವು ದಾಟಿ ಬಯಲು ಕಾಣುತ್ತಿದ್ದಂತೆ ಅವಳ ಫೋನು ಎರಡು ಸಲ ಅದುರಿತು. ಸಿಗ್ನಲ್ ಬಂದಿತ್ತು. ಅವಳು ಹಿಂದಿನ ಕರೆಗಳನ್ನೆಲ್ಲ ಕೆಳಗೆ ಕೆಳಗೆ ಸರಿಸುತ್ತ ಆ ಹೆಣ್ಣುಮಗಳ ನಂಬರು ಹುಡುಕಿ ಒತ್ತಿದಳು. ಟ್ರಕ್ಕಿನ ಸದ್ದಿಗೆ ಕೇಳಿಸುವುದಿಲ್ಲವೆಂದು ಭಾವ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಿದ. ಅತ್ತೆ ತಮ್ಮ ಕೈಯನ್ನು ಅಕ್ಕನ ಮಂಡಿಯ ಮೇಲಿಟ್ಟರು.

ಫೋನು ರಿಂಗಾಗುತ್ತಿತ್ತು. ಮೂವರೂ ಕೇಳಿಸಿಕೊಳ್ಳುತ್ತ ಕೂತರು.